ಹಳೇ ಪೆಟ್ಟಿಗೆ ಗುಜರಿಗೆ ಹೋಗುವ ಮುನ್ನ...

ಮೈಸೂರಿನ ಹಳೇ ಬಡಾವಣೆಗಳಲ್ಲಿ ಮನೆ ಕೆಡವುವ ಕೆಲಸ ಜೋರಾಗಿ ನಡೆದಿದೆ. ಒಂಟಿಕೊಪ್ಪಲು, ಚಾಮುಂಡಿಪುರಂ, ಸರಸ್ವತಿಪುರಂ ಕಡೆ ಒಂದು ಸುತ್ತು ಹಾಕಿ ಬಂದರೆ ಸಾಕು. ಹೆಂಚಿನ ಮನೆ ಇದ್ದ ಜಾಗದಲ್ಲಿ ಜಲ್ಲಿ ರಾಶಿ ಬಿದ್ದಿರುತ್ತದೆ. ಮಕ್ಕಳು ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುತ್ತಾರೆ. ಹಿರಿಯರು ತೀರಿಕೊಂಡ ಮೇಲೆ ನಾಲ್ಕು ದಿನ ರಜೆ ಹಾಕಿ ಬಂದು ಸಾಮಾನು ವಿಲೇವಾರಿ ಮಾಡಿ ಹೋಗುತ್ತಾರೆ. ಹಿತ್ತಾಳೆ ಪಾತ್ರೆ ಪಾಲಾಗುತ್ತದೆ. ಬೀಟೆ ಮರದ ಕುರ್ಚಿಗೆ ಗಿರಾಕಿ ಸಿಗುತ್ತಾರೆ. ಯಾರಿಗೂ ಬೇಡವಾಗಿ ಉಳಿಯುವುದು ಹಜಾರದ ಮೂಲೆಯ ಎರಡು ಮರದ ಪೆಟ್ಟಿಗೆ. ಮುಂದೆ ಮಾಸಿದ ಬಟ್ಟೆ, ಹಿಂದೆ ಎರಡೆರಡು ತಂತಿ.

"ಇದೇನು ಸ್ವಾಮಿ?"

"ನಮ್ಮ ತಂದೆಯವರ ಕಾಲದ ಸ್ಪೀಕರು ಕಣಪ್ಪ. ಎಷ್ಟೋ ವರ್ಷದಿಂದ ಹಾಡಿಲ್ಲ. ಎತ್ಕೊಂಡ್ಹೋಗು."

ಅಷ್ಟೇ ಮಾತು. ಪೆಟ್ಟಿಗೆ ತಕ್ಕಡಿಗೆ ಬೀಳುತ್ತದೆ. ಗುಜರಿಯವರಿಗೆ ಬೇಕಾದ್ದು ಒಳಗಿನ ಅಯಸ್ಕಾಂತ, ಕಬ್ಬಿಣ, ಒಂದಿಷ್ಟು ತಾಮ್ರದ ತಂತಿ. ಉಳಿದ ಮರ ಯಾರ ಮನೆಯ ಹಂಡೆ ಒಲೆಗೋ! ನಾಲ್ಕೈದು ದಶಕ ಸಂಗೀತ ಹಾಡಿದ ಪೆಟ್ಟಿಗೆಗೆ ಸಲ್ಲುವ ಮರ್ಯಾದೆ ಇಷ್ಟು.

ಇದರಲ್ಲಿ ಹೊಟ್ಟೆ ಉರಿಯುವ ಸಂಗತಿ ಬೇರೆಯೇ ಇದೆ. ಹೀಗೆ ಹೋಗುವ ಪೆಟ್ಟಿಗೆಗಳಲ್ಲಿ ಅನೇಕವು ಸತ್ತಿರುವುದಿಲ್ಲ. ಅಂಚು ಹರಿದಿರುತ್ತದೆ, ಇಲ್ಲವೇ ತಂತಿಯ ಬೆಸುಗೆ ಬಿಟ್ಟಿರುತ್ತದೆ. ತಿಳಿದವರ ಕೈಗೆ ಸಿಕ್ಕರೆ ಒಂದೆರಡು ದಿನದ ಕೆಲಸ.

ಕೇಳುವ ಊರು

ಮೈಸೂರು ಮೊದಲಿನಿಂದಲೂ ಕೇಳುವ ಊರು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದರು. ಅದಕ್ಕೆ ಇಟ್ಟ ಹೆಸರು ಆಕಾಶವಾಣಿ. ಒಬ್ಬ ಮೇಷ್ಟ್ರ ಮನೆಯಲ್ಲಿ ಹುಟ್ಟಿದ ಈ ಹೆಸರು ಆಮೇಲೆ ಇಡೀ ದೇಶದ ರೇಡಿಯೋಗೆ ಹೆಸರಾಯಿತು. 1942ರಲ್ಲಿ ಮೈಸೂರು ಸರ್ಕಾರ ನಿಲಯವನ್ನು ವಹಿಸಿಕೊಂಡಿತು. 1955ರಲ್ಲಿ ಅದು ಬೆಂಗಳೂರಿಗೆ ಹೋಯಿತು. ಮೈಸೂರಿಗೆ ಮತ್ತೆ ನಿಲಯ ಬರಲು 1974ರವರೆಗೆ ಕಾಯಬೇಕಾಯಿತು.

ಇದು ಹೆಚ್ಚಿನವರಿಗೆ ಗೊತ್ತಿರುವ ಕತೆ. ಅರಮನೆಯೊಳಗಿನ ಇನ್ನೊಂದು ಕತೆ ಅಷ್ಟಾಗಿ ಊರಿನ ಬಾಯಿಗೆ ಬಿದ್ದಿಲ್ಲ. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರು. ಪಾಶ್ಚಾತ್ಯ ಸಂಗೀತದಲ್ಲೂ ಅಷ್ಟೇ ಪಳಗಿದ್ದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಕಟ್ಟಿದ ವಾಲ್ಟರ್ ಲೆಗ್ಗೆ 1940ರ ದಶಕದ ಕೊನೆಯಲ್ಲಿ ಮೈಸೂರಿಗೆ ಬಂದು ಇವರ ಸಂಗ್ರಹ ನೋಡಿ ಬೆರಗಾದರು. ಗಂಭೀರ ಸಂಗೀತದಲ್ಲಿ ಇಂಥದಿಲ್ಲ ಎನ್ನುವಂತಿಲ್ಲದ ರೆಕಾರ್ಡುಗಳು, ಹಲವು ಪಿಯಾನೋಗಳು, ಜೊತೆಗೆ ಬಗೆಬಗೆಯ ಲೌಡ್‌ಸ್ಪೀಕರುಗಳು ಅಲ್ಲಿದ್ದುದನ್ನು ಲೆಗ್ಗೆ ಮುಂದೆ ಬರೆದಿಟ್ಟಿದ್ದಾರೆ. ರೆಕಾರ್ಡುಗಳ ಸಂಖ್ಯೆ ಸುಮಾರು 20,000 ಎಂಬ ಅಂದಾಜಿತ್ತು. ರಷ್ಯಾದ ಸಂಗೀತಗಾರ ಮೆಟ್ನರ್ ಲಂಡನ್ನಿನಲ್ಲಿ ವಯಸ್ಸಾಗಿ ಮೂಲೆಗುಂಪಾಗಿದ್ದಾಗ ಅವರ ಕೃತಿಗಳನ್ನು ಅವರ ಕೈಯಿಂದಲೇ ನುಡಿಸಿ ರೆಕಾರ್ಡು ಮಾಡಿಸಲು ದುಡ್ಡು ಕೊಟ್ಟದ್ದು ಮೈಸೂರು. ಫಿಲ್‌ಹಾರ್ಮೋನಿಯಾಕ್ಕೆ ವರ್ಷಕ್ಕೆ 10,000 ಪೌಂಡಿನಂತೆ 3 ವರ್ಷದ ನೆರವಿಗೂ ಮಹಾರಾಜರು ಒಪ್ಪಿದರು.

1950ರ ಮೇ 22ರ ಸಂಗತಿ ಇನ್ನೂ ಸ್ವಾರಸ್ಯದ್ದು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದರು. ಅವರು ಕೊನೆಗಾಲದಲ್ಲಿ ಬರೆದ ನಾಲ್ಕು ಹಾಡುಗಳು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಅಂದು ಮೊದಲ ಬಾರಿಗೆ ಕೇಳಿಬಂದವು. ಗಾಯಕಿ ನಾರ್ವೆಯ ಫ್ಲ್ಯಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ಫುರ್ಟ್‌ವ್ಯಾಂಗ್ಲರ್. ಕಚೇರಿಗೆ ಹಣದ ಭರವಸೆ ಕೊಟ್ಟವರು ಒಡೆಯರು. ಅವರಿಗೆ ಲಂಡನ್ನಿಗೆ ಹೋಗಲಾಗಲಿಲ್ಲ. ಆದರೆ ಹಾಡನ್ನು ರೆಕಾರ್ಡು ಮಾಡಿ ಮೈಸೂರಿಗೆ ಕಳಿಸಬೇಕೆಂಬುದು ಅವರ ಏರ್ಪಾಡು. ತಾವೇ ದುಡ್ಡು ಹಾಕಿದ ಕಚೇರಿಯನ್ನು ಮಹಾರಾಜರೂ ಪೆಟ್ಟಿಗೆಯ ಮುಂದೆ ಕುಳಿತೇ ಕೇಳಬೇಕಾಯಿತು!

ಅರಮನೆಯಿಂದ ನಡುಮನೆಗೆ

ಅರಮನೆಯ ಶೋಕಿ ನಡುಮನೆಗೆ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. ಮೊದಲು ಬಂದದ್ದು ರೇಡಿಯೋಗ್ರಾಂ. ಆಮೇಲೆ ಎಚ್‌ಎಂವಿ, ಫಿಲಿಪ್ಸ್ ಕಂಪೆನಿಗಳ ರೆಕಾರ್ಡ್ ಪ್ಲೇಯರು. ಸ್ಟೀರಿಯೋ ಬಂದ ಮೇಲೆ ಒಂದರ ಬದಲು ಎರಡು ಪೆಟ್ಟಿಗೆ. 1970ರಲ್ಲಿ ಕಲ್ಕತ್ತೆಯಲ್ಲಿ ಸೋನೊಡೈನ್ ಶುರುವಾಯಿತು, ಬೊಂಬಾಯಿಯಿಂದ ಕಾಸ್ಮಿಕ್ ಬಂತು. ವಿದೇಶದ ಮಾಲಿಗೆ ಸುಂಕ ವಿಪರೀತ. ಹಾಗಾಗಿ ಇಂಗ್ಲೆಂಡಿನ ಟ್ಯಾನಾಯ್, ವಾರ್ಫ್‌ಡೇಲ್, ಕ್ವಾಡ್ ಎಂಬ ಹೆಸರುಗಳನ್ನು ಹೆಚ್ಚಿನವರು ಪುಸ್ತಕದಲ್ಲಿ ನೋಡಿದ್ದೇ ಹೊರತು ಮನೆಯಲ್ಲಿ ಕಂಡವರು ಕಡಿಮೆ. ಕೈಯಲ್ಲಿ ಕಾಸಿಲ್ಲದ ರಸಿಕರು ಬರೀ ಕೋನ್ ಕೊಂಡುತಂದು, ಗೊತ್ತಿದ್ದ ಆಚಾರರ ಹತ್ತಿರ ಪೆಟ್ಟಿಗೆ ಮಾಡಿಸಿಕೊಂಡದ್ದೂ ಉಂಟು.

ಗುಮಾಸ್ತರಿಗೂ ಮೇಷ್ಟ್ರಿಗೂ ಇದು ಕಂತಿನ ಲೆಕ್ಕದ ಸಾಮಾನು. ಆದ್ದರಿಂದಲೇ ಅದರ ಮೇಲೆ ಕ್ರೋಶ ಹೆಣೆದ ಬಟ್ಟೆ, ಬಟ್ಟೆಯ ಮೇಲೆ ಗೊಂಬೆ. ಆಯುಧಪೂಜೆಯ ದಿನ ಸೈಕಲ್ಲು, ಹೊಲಿಗೆ ಯಂತ್ರದ ಜೊತೆ ಅದಕ್ಕೂ ಅರಿಶಿನ ಕುಂಕುಮ. ಮಕ್ಕಳು ಮುಟ್ಟಿದರೆ ಬೆನ್ನಿಗೆ ಗುದ್ದು!

ಒಳಗೆ ಏನಿದೆ?

ಇಷ್ಟಕ್ಕೂ ಆ ಪೆಟ್ಟಿಗೆಯೊಳಗೆ ಏನಿರುತ್ತದೆ? ಒಂದು ಅಯಸ್ಕಾಂತ, ಅದರ ಸಂದಿಯಲ್ಲಿ ಅಲುಗಾಡುವ ಸಣ್ಣ ತಾಮ್ರದ ಸುರುಳಿ, ಸುರುಳಿಗೆ ಅಂಟಿಸಿದ ಕಾಗದದ ಶಂಕು. ತಂತಿಯಲ್ಲಿ ಹಾಡು ವಿದ್ಯುತ್ತಾಗಿ ಬಂದರೆ ಸುರುಳಿ ಹಿಂದೆ ಮುಂದೆ ಓಡುತ್ತದೆ, ಕಾಗದ ಗಾಳಿಯನ್ನು ತಳ್ಳುತ್ತದೆ. ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬಿಬ್ಬರು 1925ರಲ್ಲಿ ಇದನ್ನು ರೂಢಿಗೆ ತಂದರು. ಇವತ್ತಿನ ಮೊಬೈಲಿನೊಳಗೆ ಇರುವುದೂ ಇದೇ ತತ್ವ.

ತತ್ವ ಒಂದೇ ಆದರೂ ಗಾತ್ರ ಒಂದಲ್ಲ. ತಗ್ಗಿನ ಸ್ವರ ಹೊರಡಬೇಕಾದರೆ ಹೆಚ್ಚು ಗಾಳಿ ಅಲುಗಬೇಕು. ಕಾಸಿನಗಲದ ಮೊಬೈಲು ಸ್ಪೀಕರಿಗೆ ಆ ತಾಕತ್ತು ಎಲ್ಲಿಂದ ಬರಬೇಕು? ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ಮಂದ್ರ ತಂತಿ, ಮೃದಂಗದ ಎಡಗೈ ಗುಮ್ಕಿ, ತಂಬೂರಿಯ ಝೇಂಕಾರ ಮೊಬೈಲಿನಲ್ಲಿ ಕಾಲುಭಾಗವೂ ದಕ್ಕುವುದಿಲ್ಲ. ಎಂಟಿಂಚು, ಹತ್ತಿಂಚಿನ ಹಳೇ ಕೋನ್ ಇವನ್ನು ಸಲೀಸಾಗಿ ಹೊರಡಿಸುತ್ತದೆ.

ಹಳೇ ಅಯಸ್ಕಾಂತಗಳ ಕತೆಯೂ ಇದೆ. ಆಗ ಒಳ್ಳೆಯ ಸ್ಪೀಕರುಗಳಲ್ಲಿ ಅಲ್ನಿಕೊ ಬಳಸುತ್ತಿದ್ದರು. ಅಲ್ಯೂಮಿನಿಯಂ, ನಿಕ್ಕಲ್, ಕೋಬಾಲ್ಟ್ ಸೇರಿದ ಲೋಹ. 1978ರಲ್ಲಿ ಆಫ್ರಿಕದ ಜೈರ್ ದೇಶದ ಗಣಿ ಸೀಮೆಯಲ್ಲಿ ಯುದ್ಧ ಎದ್ದು ಕೋಬಾಲ್ಟ್ ಬೆಲೆ ಗಗನಕ್ಕೇರಿತು. ಕಂಪೆನಿಗಳು ಅಗ್ಗದ ಫೆರೈಟ್‌ಗೆ ಹೊರಳಿದವು. ಹಾಗಾಗಿ ಅಲ್ನಿಕೊ ಇರುವ ಹಳೇ ಸ್ಪೀಕರಿಗೆ ಬಲ್ಲವರಲ್ಲಿ ಈಗಲೂ ಬೇಡಿಕೆ. ಗುಜರಿಯ ತಕ್ಕಡಿಯಲ್ಲಿ ಮಾತ್ರ ಎರಡೂ ಒಂದೇ ತೂಕ.

ವ್ಯಾಟಿನ ಭೂತ

"ಹಳೇದು ಬರೀ ಹತ್ತು ವ್ಯಾಟು, ಹೊಸದು ಐದು ಸಾವಿರ ವ್ಯಾಟು" ಎಂದು ಮೂಗು ಮುರಿಯುವವರುಂಟು. ಅಂಗಡಿಯವರು ಡಬ್ಬದ ಮೇಲೆ ಅಚ್ಚು ಹಾಕಿಸಿದ ಪಿಎಂಪಿಒ ಲೆಕ್ಕ ಬರೀ ಬೆಲೂನು. ನಂಬಬೇಕಾದ್ದು ಆರ್‌ಎಂಎಸ್ ಲೆಕ್ಕ. ವ್ಯಾಟು ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡರಷ್ಟು ಜೋರು ಅನ್ನಿಸಬೇಕಾದರೆ ಸುಮಾರು ಹತ್ತುಪಟ್ಟು ವ್ಯಾಟು ಬೇಕು. ವಾಲ್ವಿನ ಕಾಲದ ದೊಡ್ಡ ಕೋನುಗಳು ಕಡಿಮೆ ವಿದ್ಯುತ್ತಿನಲ್ಲೇ ಹೆಚ್ಚು ಹಾಡುವ ಜಾತಿಯವು. ಆಗ ಆಂಪ್ಲಿಫೈಯರು ಕೊಡುತ್ತಿದ್ದುದೇ ಕೆಲವು ವ್ಯಾಟು. ಹತ್ತಡಿ ಹನ್ನೆರಡಡಿಯ ಕೋಣೆಗೆ ಅದು ಧಾರಾಳ.

ಸತ್ತಿದೆಯೋ ಮಲಗಿದೆಯೋ?

ಪೆಟ್ಟಿಗೆ ಬದುಕಿದೆಯೇ ಎಂದು ನೋಡಲು ಎಂಜಿನಿಯರು ಬೇಕಿಲ್ಲ. ತಂತಿಯನ್ನು ಆಂಪ್ಲಿಫೈಯರಿನಿಂದ ಬಿಡಿಸಿ, ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ಲಿಗೆ ಒಂದು ಕ್ಷಣ ತಾಗಿಸಿ. "ಟಪ್" ಅಂದರೆ ಜೀವ ಇದೆ. ಮುಂದಿನ ಬಟ್ಟೆ ತೆಗೆದು ನೋಡಿದರೆ ಕೋನ್ ಮುಂದಕ್ಕೆ ಹೋಗಿದ್ದೂ ಕಾಣುತ್ತದೆ. ಎರಡು ಪೆಟ್ಟಿಗೆಯೂ ಒಂದೇ ದಿಕ್ಕಿಗೆ ಅಲುಗಬೇಕು. ಒಂದು ಮುಂದೆ ಒಂದು ಹಿಂದೆ ಹೋದರೆ ತಂತಿ ತಿರುವುಮುರುವಾಗಿದೆ ಎಂದರ್ಥ. ಹಾಗೇ ಹಾಡಿಸಿದರೆ ಮೃದಂಗದ ಎಡಮುಖವೇ ಮಾಯ! ಎಷ್ಟೋ ಮನೆಯಲ್ಲಿ "ಸ್ಪೀಕರು ಹಾಳಾಗಿದೆ" ಎಂದು ಮೂಲೆಗೆ ಬಿದ್ದಿರುವುದಕ್ಕೆ ಇಷ್ಟೇ ಕಾರಣ.

ಸದ್ದು ಬರದಿದ್ದರೆ ರಿಪೇರಿಯವರ ಮೀಟರಿನಲ್ಲಿ ನೋಡಿಸಬೇಕು. 8 ಓಮಿನ ಪೆಟ್ಟಿಗೆ ಆರೇಳು ಓಮ್ ತೋರಿಸಿದರೆ ಚಿಂತೆಯಿಲ್ಲ. ಕೋನಿನ ನಡುಭಾಗದ ಸುತ್ತ ಬೆರಳುಗಳನ್ನು ಸಮನಾಗಿ ಇಟ್ಟು ಮೆಲ್ಲಗೆ ಒತ್ತಿದಾಗ "ಕರ ಕರ" ಅಂದರೆ ಸುರುಳಿ ಉಜ್ಜುತ್ತಿದೆ. ಅದು ನುರಿತವರ ಕೆಲಸ.

ಎಪ್ಪತ್ತು ಎಂಬತ್ತರ ದಶಕದ ಪೆಟ್ಟಿಗೆಗಳಿಗೆ ಅಂಟಿದ ದೊಡ್ಡ ರೋಗ ಅಂಚಿನದು. ಕೋನಿನ ಸುತ್ತ ಹಾಕಿದ್ದ ಫೋಮ್ ಗಾಳಿಯ ತೇವಕ್ಕೆ ಹದಿನೈದಿಪ್ಪತ್ತು ವರ್ಷದಲ್ಲಿ ಪುಡಿಯಾಗುತ್ತದೆ. ಮುಟ್ಟಿದರೆ ಬೆರಳಿಗೆ ಅಂಟುವ ಕಪ್ಪು ಹಿಟ್ಟು. ನೋಡಿದವರು ಕತೆ ಮುಗೀತು ಅನ್ನುತ್ತಾರೆ. ಮುಗಿದಿರುವುದಿಲ್ಲ. ಹಳೇ ಅಂಚು ಕೆರೆದು ತೆಗೆದು, ಹೊಸ ಉಂಗುರ ಅಂಟಿಸಿ, ಸುರುಳಿ ನಟ್ಟನಡುವೆ ನಿಲ್ಲುವಂತೆ ನೋಡಿಕೊಂಡು ಒಂದು ದಿನ ಒಣಗಲು ಬಿಟ್ಟರೆ ಮತ್ತೆ ಹಾಡುತ್ತದೆ. ಇನ್ನೂ ಹಳೆಯ ಪೆಟ್ಟಿಗೆಗಳಲ್ಲಿ ಬಟ್ಟೆ ಇಲ್ಲವೇ ಕಾಗದದ ಅಂಚು. ಅವು ಇಲಿ, ಜಿರಲೆ ಮುಟ್ಟದಿದ್ದರೆ ಐವತ್ತು ವರ್ಷವಾದರೂ ಗಟ್ಟಿ. ತಾರಸ್ವರ ಮಂಕಾಗಿದ್ದರೆ ಒಳಗಿನ ಕೆಪಾಸಿಟರ್ ಒಣಗಿರಬಹುದು. ಅದು ಹೆಚ್ಚು ಖರ್ಚಿನ ಬಾಬತ್ತಲ್ಲ.

ಹಾಡಿಸಲು ರೆಕಾರ್ಡು ಪ್ಲೇಯರೇ ಬೇಕೆಂದಿಲ್ಲ. ಒಂದು ಸಣ್ಣ ಆಂಪ್ಲಿಫೈಯರು ಇದ್ದರೆ ಮೊಮ್ಮಗನ ಮೊಬೈಲಿನಿಂದಲೂ ತಾತನ ಪೆಟ್ಟಿಗೆ ಹಾಡುತ್ತದೆ. ಆದರೆ ಸಣ್ಣ ಆಂಪ್ಲಿಫೈಯರಿನ ಕಿವಿ ಪೂರಾ ತಿರುಚಿ ಸದ್ದು ಒಡೆಯುವಂತೆ ಹಾಡಿಸಿದರೆ ಮೊದಲು ಸುಡುವುದು ಟ್ವೀಟರು.

ಪಕ್ಕದ ಮನೆಯವರ ಪಾಡು

ಪೆಟ್ಟಿಗೆ ಸರಿಯಾಯಿತು ಅಂತ ಬೀದಿಗೆಲ್ಲ ಕೇಳಿಸುವ ಹುಮ್ಮಸ್ಸು ಬೇಡ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬಲ್ ಮಿತಿ. ಒಳ್ಳೆಯ ಸ್ಪೀಕರಿನ ಗುಣ ತಿಳಿಯುವುದೇ ಸಣ್ಣ ಸದ್ದಿನಲ್ಲಿ.

ನಮ್ಮ ಹಳೇ ಮನೆಗಳ ರೆಡ್ ಆಕ್ಸೈಡ್ ನೆಲ, ಬರೀ ಗೋಡೆ ಸದ್ದನ್ನು ವಾಪಸು ಎಸೆಯುತ್ತವೆ. ನೆಲಕ್ಕೆ ಒಂದು ಜಮಖಾನ ಹಾಸಿ, ಕಿಟಕಿಗೆ ದಪ್ಪ ಪರದೆ ಬಿಟ್ಟರೆ ಅರ್ಧ ಗದ್ದಲ ಕಡಿಮೆ. ಪೆಟ್ಟಿಗೆಯನ್ನು ಮೂಲೆಗೆ ಒತ್ತರಿಸದೆ ಗೋಡೆಯಿಂದ ಒಂದಡಿ ಮುಂದಿಡಬೇಕು. ಕೆಳಗೆ ಕಡಪ ಕಲ್ಲಿನ ತುಂಡು ಇಟ್ಟರೆ ಅಲುಗಾಟ ನಿಲ್ಲುತ್ತದೆ. ಟ್ವೀಟರು ಕುಳಿತವರ ಕಿವಿಯ ಮಟ್ಟಕ್ಕಿರಲಿ.

ಹಳೆಯದೆಲ್ಲ ಚಿನ್ನವಲ್ಲ

ಹಾಗೆಂದು ಹಳೇದೆಲ್ಲ ಹೊನ್ನು ಅಂತ ಓಡಬಾರದು. ಆ ಕಾಲದಲ್ಲೂ ಕಳಪೆ ಪೆಟ್ಟಿಗೆ ಬೇಕಾದಷ್ಟಿತ್ತು. ತೆಳು ಹಲಗೆ, ಮುಂದೆ ನಾಲ್ಕು ಕೋನ್ ಕಾಣುವಂತೆ ಮಾಡಿ ಒಳಗೆ ಎರಡಕ್ಕೆ ಮಾತ್ರ ತಂತಿ ಕೊಟ್ಟ ಮಾಲನ್ನೂ ಮಾರಿದವರಿದ್ದರು. ಈಗ 'ವಿಂಟೇಜ್' ಎಂಬ ಒಂದು ಮಾತು ಸೇರಿಸಿ ದುಪ್ಪಟ್ಟು ಹೇಳುವವರೂ ಇದ್ದಾರೆ. ಕೊಳ್ಳುವವರು ಹೆಸರಿನ ಫಲಕ ನೋಡಿ ದುಡ್ಡು ಎಣಿಸದೆ, ತಮಗೆ ಚೆನ್ನಾಗಿ ಪರಿಚಯವಿರುವ ಒಂದು ಹಾಡನ್ನು ಹಾಕಿಸಿ ಎರಡು ಪೆಟ್ಟಿಗೆಯನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಉಳಿದಿರುವ ದೊಡ್ಡ ತೊಂದರೆ ರಿಪೇರಿಯದು. ಕೋನ್ ಕಟ್ಟುವ ಕೈಗಳಿಗೆ ವಯಸ್ಸಾಗಿದೆ. ವಾಲ್ವ್ ರೇಡಿಯೋ ಕಾಲದಲ್ಲಿ ಕೆಲಸ ಕಲಿತವರ ಮಕ್ಕಳು ಮೊಬೈಲು ಅಂಗಡಿ ಇಟ್ಟಿದ್ದಾರೆ, ತಪ್ಪೇನಿಲ್ಲ, ಹೊಟ್ಟೆಪಾಡು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಸಿಗಬಹುದು, ಆದರೆ ಅದನ್ನು ಕೂರಿಸುವ ಕೈ ಅಂಗಡಿಯಲ್ಲಿ ಸಿಗುವುದಿಲ್ಲ. ಐಟಿಐಗಳಲ್ಲಿ ರೇಡಿಯೋ ಮತ್ತು ಟಿ.ವಿ. ಮೆಕ್ಯಾನಿಕ್ ಎಂಬ ಪಾಠವೇ ಇತ್ತು. ನಗರದ ಪಾಲಿಟೆಕ್ನಿಕ್ಕುಗಳು ವರ್ಷಕ್ಕೆ ನಾಲ್ಕು ಭಾನುವಾರ ಇಂಥ ಹಿರಿಯರೊಬ್ಬರನ್ನು ಕರೆಸಿ ಹುಡುಗರ ಮುಂದೆ ಕೂರಿಸಿದರೆ ಬೊಕ್ಕಸವೇನೂ ಬರಿದಾಗದು. ಅವರು ಕಣ್ಣುಮುಚ್ಚಿದ ಮೇಲೆ ಸನ್ಮಾನ ಸಭೆ ಮಾಡಿ ಏನು ಪ್ರಯೋಜನ?

ಮನೆಯವರ ಪಾಲಿನ ಕೆಲಸ ಅದಕ್ಕಿಂತ ಸುಲಭ. ಅಟ್ಟದ ಮೇಲೋ ಮಂಚದ ಕೆಳಗೋ ಇಂಥ ಪೆಟ್ಟಿಗೆ ಇದ್ದರೆ ಗುಜರಿ ಗಾಡಿ ಕೂಗುವ ಮೊದಲು ಕೆಳಗಿಳಿಸಿ ಧೂಳು ಒರೆಸಿ, ಸೆಲ್ಲು ತಾಗಿಸಿ ನೋಡಿ. ನಿಮಗೆ ಬೇಡವಾದರೆ ಸಂಗೀತ ಕೇಳುವ ಯಾರಾದರೂ ಹುಡುಗನಿಗೆ ಕೊಡಿ. ಗುಜರಿಯವರು ಕೊಡುವ ದುಡ್ಡು ಒಂದು ವಾರದ ತರಕಾರಿಗೂ ಸಾಲದು.