ಲೇಹದಲ್ಲಿ ಮೊದಲ ರಾತ್ರಿ

ಬೆಂಗಳೂರಿನಿಂದ ವಿಮಾನದಲ್ಲಿ ಲೇಹಕ್ಕೆ ಹೋದವರು ಮೊದಲ ರಾತ್ರಿ ಗಕ್ಕನೆ ಎದ್ದು ಕೂರುವುದುಂಟು. ಪಕ್ಕದಲ್ಲಿ ಮಲಗಿದವರಿಗೆ ಕೇಳಿಸಿರುತ್ತದೆ: ನಾಲ್ಕಾರು ದೀರ್ಘ ಉಸಿರು, ಆಮೇಲೆ ಹತ್ತು ಸೆಕೆಂಡು ಸದ್ದೇ ಇಲ್ಲ. ಮತ್ತೆ ಏದುಸಿರು.

ಎತ್ತರ ಸುಮಾರು 3,500 ಮೀಟರ್. ಗಾಳಿಯಲ್ಲಿ ಆಮ್ಲಜನಕದ ಪಾಲು ಅದೇ ಶೇ. 21; ಕಡಿಮೆಯಾಗಿರುವುದು ಒತ್ತಡ.

ಇದರಿಂದ ರಕ್ತದಲ್ಲಿ ಉಂಟಾಗುವ ಆಮ್ಲಜನಕದ ಕೊರತೆಯನ್ನು ಹಿಡಿಯುವುದು ಕತ್ತಿನ ಎರಡೂ ಬದಿಯಲ್ಲಿರುವ, ಅಕ್ಕಿಕಾಳಿನಷ್ಟು ಪುಟ್ಟ ಕೆರೊಟಿಡ್ ಕಾಯಗಳು. ಅವು ಮಿದುಳಿನ ಬುಡಕ್ಕೆ ಸುದ್ದಿ ಮುಟ್ಟಿಸಿದೊಡನೆ ಉಸಿರಾಟ ಜೋರಾಗುತ್ತದೆ.

ತೊಡಕು ಶುರುವಾಗುವುದೇ ಇಲ್ಲಿ. ಜೋರು ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿಬಿಡುತ್ತದೆ. ಉಸಿರಾಡು ಎಂದು ಮಿದುಳನ್ನು ದಿನವಿಡೀ ತಿವಿಯುವುದು ಅದೇ! ಅದು ತೀರಾ ಇಳಿದರೆ ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ. ಆಮ್ಲಜನಕ ಕುಸಿದಾಗ ಮತ್ತೆ ಏದುಸಿರು.

ಕೆಲವು ದಿನಗಳಲ್ಲಿ ಮೂತ್ರಪಿಂಡಗಳು ಬೈಕಾರ್ಬನೇಟ್ ಹೊರಹಾಕಿ ರಕ್ತವನ್ನು ಹದಕ್ಕೆ ತರುತ್ತವೆ. ಅದಕ್ಕೇ ಮೊದಲೆರಡು ದಿನ ವಿಶ್ರಾಂತಿ, ಇನ್ನೂ ಎತ್ತರದ ಖರ್ದುಂಗ್ ಲಾ ಕಣಿವೆಮಾರ್ಗ ಆಮೇಲೆ.