ಸ್ವಯಮಾಡಳಿತಕ್ಕೆ ಸಂಶೋಧಕರೇಕೆ?

ಪಿಎಚ್.ಡಿ. ಮುಗಿಸಿದವರು ಕಾಯಂ ಹುದ್ದೆ ಸಿಗುವ ಮುನ್ನ ಎರಡು ಮೂರು ವರ್ಷ ಸಂಬಳ ಪಡೆದು ಒಂದೇ ವಿಷಯದಲ್ಲಿ ಸಂಶೋಧನೆ ನಡೆಸುವುದುಂಟು. 'ಪೋಸ್ಟ್ ಡಾಕ್' ಎಂಬ ಈ ಹುದ್ದೆ ಪ್ರಯೋಗಾಲಯಗಳಿಗೆ ಹಳೆಯದು. ಕೆನಡಾದಲ್ಲಿ ಮೂಲನಿವಾಸಿಗಳ ಸ್ವಯಮಾಡಳಿತಕ್ಕೆ ನೆರವಾಗಲೆಂದೂ ಇಂಥ ಸಂಶೋಧಕರನ್ನು ನೇಮಿಸಿಕೊಳ್ಳುತ್ತಾರೆ. ಆಡಳಿತ ನಡೆಸುವವರಿಗೆ ಸಂಶೋಧಕರೇಕೆ ಎಂದು ನೀವು ಕೇಳಬಹುದು.

ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಗಿಟ್‌ಕ್ಸನ್ ಮತ್ತು ವೆಟ್ಸುವೆಟನ್ ಜನರ ಮುಖಂಡರು 1984ರಲ್ಲಿ, ಸುಮಾರು 58,000 ಚದರ ಕಿಲೋಮೀಟರ್ ನೆಲ ತಮ್ಮದೆಂದು ನ್ಯಾಯಾಲಯಕ್ಕೆ ಹೋದರು. ಅವರ ಬಳಿ ಕಾಗದಪತ್ರಗಳಿರಲಿಲ್ಲ. ಇದ್ದದ್ದು ಹಿರಿಯರ ಬಾಯಲ್ಲಿ ಉಳಿದುಬಂದ ಕಥೆ, ಹಾಡು. ಮೇರಿ ಜಾನ್ಸನ್ ಎಂಬ ಹಿರಿಯರು ಸಾಕ್ಷಿಕಟ್ಟೆಯಲ್ಲಿ ಹಾಡಲು ಮುಂದಾದಾಗ, ತಮಗೆ ಸಂಗೀತದ ಕಿವಿಯಿಲ್ಲ, ಹಾಡಿ ಪ್ರಯೋಜನವಿಲ್ಲವೆಂದರು ನ್ಯಾಯಾಧೀಶರು. ಆಕೆ ಹಾಡಿದರು. 1991ರಲ್ಲಿ ದಾವೆ ಬಿದ್ದುಹೋಯಿತು. ಆ ಜನರ ನಡುವೆ ಇದ್ದು ಅಧ್ಯಯನ ಮಾಡಿದ್ದ ಮಾನವಶಾಸ್ತ್ರಜ್ಞರ ಸಾಕ್ಷ್ಯಕ್ಕೂ ಬೆಲೆ ಸಿಗಲಿಲ್ಲ. ಅವರು ಪಕ್ಷಪಾತಿಗಳೆಂದು ನ್ಯಾಯಾಧೀಶರಿಗೆ ಕಂಡಿತು. ವಿಜ್ಞಾನ ಓದಿದ ನನಗೆ ಇಲ್ಲಿ ಒಂದು ತೊಡಕು ಕಾಣುತ್ತದೆ. ದೂರ ನಿಂತವನಿಗೆ ವಿಷಯ ತಿಳಿಯದು, ಹತ್ತಿರ ಹೋದವನನ್ನು ಯಾರೂ ನಂಬರು! 1997ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿ, ಬಾಯಿಮಾತಿನ ಇತಿಹಾಸಕ್ಕೂ ತಕ್ಕ ಬೆಲೆ ಕೊಡಬೇಕೆಂದಿತು.

ನೆರೆಯ ನಿಸ್ಗಾ ಜನರದು ಮಾತುಕತೆಯ ದಾರಿ. ಅವರ ಮುಖಂಡರು 1887ರಲ್ಲೇ ವಿಕ್ಟೋರಿಯಾ ನಗರಕ್ಕೆ ಹೋಗಿ ತಮ್ಮ ನೆಲದ ಹಕ್ಕು ಕೇಳಿದ್ದರು. ಒಪ್ಪಂದ ಜಾರಿಗೆ ಬಂದದ್ದು 2000ದ ಮೇ 11ರಂದು. ಸುಮಾರು 2,000 ಚದರ ಕಿಲೋಮೀಟರ್ ನೆಲ, ಸ್ವಂತ ಸರ್ಕಾರ, ನಾಸ್ ನದಿಯ ಸಾಲ್ಮನ್ ಮೀನಿನಲ್ಲಿ ಪಾಲು ಸಿಕ್ಕವು. ಆ ಪಾಲು ಆಯಾ ವರ್ಷ ಹೊಳೆಗೆ ಮರಳುವ ಮೀನಿನ ಸಂಖ್ಯೆಯನ್ನು ಅವಲಂಬಿಸಿದೆ. ಎಣಿಕೆ ಬೇರೆಯವರ ಕೈಯಲ್ಲಿದ್ದರೆ ಪಾಲೂ ಅವರ ಕೈಯಲ್ಲಿದ್ದಂತೆ. ಅದಕ್ಕೇ ನಿಸ್ಗಾ ಜನ, ನೀರಿನ ಸೆಳೆತಕ್ಕೆ ತಿರುಗುತ್ತ ಮೀನನ್ನು ಎತ್ತುವ ಚಕ್ರಗಳನ್ನಿಟ್ಟು ತಾವೇ ಎಣಿಸುತ್ತಾರೆ. ಸಂಶೋಧಕರ ಅಗತ್ಯ ಬೀಳುವುದು ಇಂಥಲ್ಲಿ: ಎಣಿಕೆ, ನಕ್ಷೆ, ಕಾನೂನಿನ ಕರಡು, ಭಾಷೆಯ ದಾಖಲೆ.

ಆದರೆ ಆ ಮಾಹಿತಿಯ ಒಡೆಯರು ಯಾರು? ಹಿಂದೆ ಎಷ್ಟೋ ವಿದ್ವಾಂಸರು ಬಂದು ಬರೆದುಕೊಂಡು ಹೋದರು. ಊರಿನವರಿಗೆ ಒಂದು ಪ್ರತಿಯೂ ಸಿಗಲಿಲ್ಲ. ಒಡೆತನ, ಹತೋಟಿ, ಬಳಕೆ, ಸ್ವಾಧೀನ ನಾಲ್ಕೂ ತಮ್ಮದೇ ಆಗಿರಬೇಕೆಂಬ ಸೂತ್ರವನ್ನು ಕೆನಡಾದ ಮೂಲನಿವಾಸಿಗಳು 1998ರಲ್ಲಿ ರೂಪಿಸಿದರು. ನನ್ನ ಮಟ್ಟಿಗೆ, ಅಭ್ಯರ್ಥಿಯ ಪ್ರಬಂಧಗಳ ಪಟ್ಟಿಗಿಂತ ಮೊದಲು ಕೇಳಬೇಕಾದ್ದು ಇದನ್ನೇ. ಇನ್ನೊಂದು ತೊಂದರೆ ಅವಧಿಯದು. ನೂರಕ್ಕೂ ಹೆಚ್ಚು ವರ್ಷ ಹಿಡಿದ ಕೆಲಸಕ್ಕೆ ಎರಡು ವರ್ಷದ ಹುದ್ದೆ. ಊರಿನವರ ನಂಬಿಕೆ ಗಳಿಸುವಷ್ಟರಲ್ಲಿ ಅವಧಿ ಮುಗಿದಿರುತ್ತದೆ.

ನಮ್ಮಲ್ಲೂ ಇದಕ್ಕೆ ಹತ್ತಿರದ ನಿದರ್ಶನವಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ದೇವರ ತಾಣಗಳನ್ನು ಹಿರಿಯರೊಂದಿಗೆ ನಡೆದು ನಕ್ಷೆಗೆ ತಂದವರಲ್ಲಿ ಸಿ. ಮಾದೇಗೌಡರೂ ಒಬ್ಬರು. 2011ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು. ಪಿಎಚ್.ಡಿ. ಪಡೆದ ಈ ಸಂಶೋಧಕರು ಸ್ವತಃ ಸೋಲಿಗರು.