ಮಗ್ಗುಲಲ್ಲೇ ಬಾಳುವ ನಂಗು

ಮಳೆಗಾಲದ ಅಬ್ಬರವಡಗಿ ಕಡಲು ಶಾಂತವಾಗತೊಡಗುವ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮೀನುಗಾರ್ತಿಯರ ಬುಟ್ಟಿಗಳಲ್ಲಿ ಒಂದರ ಮೇಲೊಂದು ಒಣಗಿದೆಲೆಗಳಂತೆ ಒರಗಿಕೊಂಡು ಬರುವ, ಗೇಣುದ್ದಕ್ಕೂ ಕಡಿಮೆಯಾದ ಕಂದುಬಣ್ಣದ ನಂಗುಮೀನನ್ನು ಕರಾವಳಿಯವರಿಗೆ ಹೊಸದಾಗಿ ಪರಿಚಯಿಸಬೇಕಾದುದಿಲ್ಲ. ಕೊಂಕಣಿಗರಿಗೆ ಅದು ಲೆಪ್ಪೊ, ಕೇರಳದವರಿಗೆ ಮಾಂತಳ್. ತಲೆಯ ಬಳಿ ಉಗುರಿನಿಂದ ಚರ್ಮವನ್ನು ಬಿಡಿಸಿ ಬಾಲದವರೆಗೆ ಒಂದೇ ಎಳೆತಕ್ಕೆ ಸುಲಿಯುವ ಕೈಗಳು, ಆ ಪ್ರಾಣಿಯ ಎರಡು ಕಣ್ಣುಗಳೂ ಒಂದೇ ಕೆನ್ನೆಯ ಮೇಲೆ ಒತ್ತೊತ್ತಾಗಿ ಕುಳಿತಿರುವುದನ್ನು ಕಂಡೂ ಕಾಣದಂತೆ ಮುಂದಿನ ಮೀನಿಗೆ ಸಾಗುತ್ತವೆ.

ತೊರಕೆಯೂ ಚಪ್ಪಟೆ, ನಂಗೂ ಚಪ್ಪಟೆ. ಆದರೆ ತೊರಕೆ ಹೊಟ್ಟೆಯ ಮೇಲೆ ಮಲಗಿದ ಮೀನು, ನಂಗಾದರೋ ಬಲಮಗ್ಗುಲಿಗೆ ಹೊರಳಿ ಮಲಗಿದ್ದು. ನಾವು ಬೆನ್ನೆಂದು ಭಾವಿಸುವ ಕಂದುಭಾಗ ಅದರ ಎಡಪಾರ್ಶ್ವ, ಹೊಟ್ಟೆಯೆಂದು ಭಾವಿಸುವ ಬಿಳಿಭಾಗ ಬಲಪಾರ್ಶ್ವ. ಹುಟ್ಟುವಾಗ ಈ ವೈಷಮ್ಯವಿಲ್ಲ: ಮೊಟ್ಟೆಯೊಡೆದು ಬಂದ ಮರಿ ಇತರ ಮೀನುಗಳಂತೆಯೇ ಇಕ್ಕೆಲಗಳಲ್ಲಿ ಒಂದೊಂದು ಕಣ್ಣನ್ನು ಧರಿಸಿ ನೆಟ್ಟಗೆ ಈಜಾಡುತ್ತಿರುತ್ತದೆ, ಬೆಳೆಯುತ್ತ ಬಂದಂತೆ ತಲೆಬುರುಡೆಯ ಎಲುಬುಗಳು ತಿರುಚಿಕೊಂಡು, ಬಲಗಣ್ಣು ಎಡಗಣ್ಣಿನ ನೆರೆಗೆ ಸರಿದು, ಮರಿ ಕಡಲತಳದ ಕೆಸರಿಗಿಳಿದು ಮತ್ತೆಂದೂ ನೆಟ್ಟಗಾಗದಂತೆ ಮಲಗಿಬಿಡುತ್ತದೆ.

ಚಪ್ಪಟೆಮೀನುಗಳ ಈ ಕಣ್ಣಿನ ಯಾತ್ರೆ ಡಾರ್ವಿನ್ನನನ್ನೂ ಕಾಡಿತ್ತು. ಅರ್ಧದಾರಿಗೆ ಬಂದ ಕಣ್ಣಿನಿಂದ ಮೀನಿಗೇನು ಲಾಭವೆಂದು ಜೀವವಿಜ್ಞಾನಿ ಮಿವಾರ್ಟ್ 1871ರಲ್ಲಿ ಆಕ್ಷೇಪಿಸಿದಾಗ, ಡಾರ್ವಿನ್ ತನ್ನ ‘ಆರಿಜಿನ್ ಆಫ್ ಸ್ಪೀಷೀಸ್’ ಗ್ರಂಥದ 1872ರ ಆವೃತ್ತಿಯಲ್ಲಿ ಉತ್ತರವಿತ್ತನು. ಪ್ರಶ್ನೆ ಕುಚೋದ್ಯದ್ದಾಗಿರಲಿಲ್ಲವೆಂದೇ ನನ್ನ ಅಭಿಪ್ರಾಯ. ಏಕೆಂದರೆ ನಡುದಾರಿಯಲ್ಲಿ ನಿಂತ ಕಣ್ಣುಳ್ಳ, ಸುಮಾರು 5 ಕೋಟಿ ವರ್ಷಗಳಷ್ಟು ಹಳೆಯ ಪಳೆಯುಳಿಕೆಗಳನ್ನು ವಿಜ್ಞಾನಿ ಮ್ಯಾಟ್ ಫ್ರೀಡ್‌ಮನ್ ಗುರುತಿಸಿ ಪ್ರಕಟಿಸಿದ್ದು 2008ರಷ್ಟು ಈಚೆಗೆ.

ನಮ್ಮ ಪಶ್ಚಿಮತೀರದ ಆಳವಿಲ್ಲದ ಕೆಸರುತಳಗಳೇ ನಂಗಿನ ನೆಲೆ. ಎದೆಯ ರೆಕ್ಕೆಗಳು ಅದಕ್ಕಿಲ್ಲ. ಬೆನ್ನಿನ ಮತ್ತು ಗುದದ ರೆಕ್ಕೆಗಳು ಬಾಲವನ್ನು ಕೂಡಿಕೊಂಡು ದೇಹಕ್ಕೆಲ್ಲ ಅಂಚುಕಟ್ಟಿದಂತಿವೆ. ಕೆಸರಿನಲ್ಲಿ ಹುದುಗಿ ಕಣ್ಣುಗಳನ್ನಷ್ಟೇ ಹೊರಗಿಟ್ಟರೆ ಮೈಬಣ್ಣವೇ ಅದಕ್ಕೆ ಮರೆ. ತಿನ್ನುವುದು ಕೆಸರಿನ ಹುಳುಗಳನ್ನು, ಸಣ್ಣ ಕವಚಜೀವಿಗಳನ್ನು. ಕೊಕ್ಕೆಯಂತೆ ಕೆಳಕ್ಕೆ ಬಾಗಿದ ಮೂತಿಯ ಹಿಂದೆ ಅಡಗಿರುವ ಆ ಓರೆಬಾಯಿಯನ್ನು ಬಿಡಿಸಿ ನೋಡಿದರೆ ಕಣ್ಣಿರುವ ಕಡೆಯ ದವಡೆಗೆ ಹಲ್ಲಿಲ್ಲ. ಇರುವ ಅತಿಸೂಕ್ಷ್ಮ ಹಲ್ಲುಗಳೆಲ್ಲವೂ ನೆಲಕ್ಕೊತ್ತಿದ, ಕುರುಡುಮಗ್ಗುಲಿನಲ್ಲಿಯೇ ಸಾಲುಗಟ್ಟಿವೆ.